ಗುರುತಿಸುವುದು ಮೊದಲು, ವಿಂಗಡಿಸುವುದು ಆಮೇಲೆ

ನಮಸ್ಕಾರ ಮೇಡಂ,

ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಇಂಗ್ಲಿಷ್ ನಾಮಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ತಿಳಿಯಾಗಿದೆ. ಆದರೆ ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

"ವ್ಯಕ್ತಿ, ಸ್ಥಳ, ವಸ್ತುವಿನ ಹೆಸರೇ ನೌನ್" ಎಂದು ಶುರು ಮಾಡಿ, ಮರುಸಾಲಿನಲ್ಲೇ ಪ್ರಾಪರ್ (ಒಬ್ಬರ ಅಥವಾ ಒಂದರ ಸ್ವಂತ ಹೆಸರು), ಕಾಮನ್ (ಇಡೀ ಜಾತಿಗೆ ಸಲ್ಲುವ ಹೆಸರು), ಕಲೆಕ್ಟಿವ್ (ಗುಂಪಿನ ಹೆಸರು), ಮೆಟೀರಿಯಲ್ (ದ್ರವ್ಯದ ಹೆಸರು), ಆಬ್‌ಸ್ಟ್ರಾಕ್ಟ್ (ಗುಣ, ಭಾವದ ಹೆಸರು) ಎಂದು ಐದು ಬಗೆ ಪಟ್ಟಿ ಮಾಡಿದ್ದೀರಿ. ನೌನನ್ನು ಗುರುತು ಹಿಡಿಯುವುದು ಹೇಗೆ ಅಂತ ಹೇಳಲೇ ಇಲ್ಲ. 'ವಾಟರ್' ಪದವನ್ನೇ ನೋಡಿ. 'ದ ವಾಟರ್ ಈಸ್ ಕೋಲ್ಡ್' ಎಂದರೆ ನೌನ್. 'ವಾಟರ್ ದ ಪ್ಲಾಂಟ್ಸ್' ಎಂದರೆ ಗಿಡಕ್ಕೆ ನೀರು ಹಾಕು ಅಂತ, ಅಲ್ಲಿ ಅದು ವರ್ಬ್, ಅಂದರೆ ಕ್ರಿಯಾಪದ. ಕನ್ನಡದಲ್ಲಿ ನೀರನ್ನು, ನೀರಿಗೆ, ನೀರಿನಿಂದ ಅಂತ ವಿಭಕ್ತಿ ಅಂಟಿಕೊಂಡು ಬರುತ್ತದೆ, ನಾಮಪದ ಅಂತ ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಆಸರೆ ಇಲ್ಲ, ಅಕ್ಕಪಕ್ಕ ನೋಡಬೇಕು. ಹಿಂದೆ ಎ, ಆ್ಯನ್, ದ, ಮೈ ಇದೆಯಾ? ಪದದ ಕೊನೆಗೆ ನೆಸ್, ಮೆಂಟ್, ಶನ್ ಇದೆಯಾ? ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಇನ್ನೊಂದು ತಪ್ಪು ದೊಡ್ಡದು. ಆಬ್‌ಸ್ಟ್ರಾಕ್ಟ್ ನೌನ್ ಅಂದರೆ ನಮ್ಮ ಅನ್ವರ್ಥನಾಮ ಎಂದು ಬರೆದಿದ್ದೀರಿ. ಅಲ್ಲ. ಗುಣ, ವೃತ್ತಿ ನೋಡಿ ವ್ಯಕ್ತಿಗೆ ಬಂದ ಪಂಡಿತ, ವ್ಯಾಪಾರಿ, ವಿದ್ಯಾರ್ಥಿಯಂಥ ಹೆಸರುಗಳು ಅನ್ವರ್ಥನಾಮ, ಇಂಗ್ಲಿಷಿನಲ್ಲಿ ಇವೆಲ್ಲ ಕಾಮನ್ ನೌನ್. ಆಬ್‌ಸ್ಟ್ರಾಕ್ಟ್‌ಗೆ ಹತ್ತಿರ ಬರುವುದು ಹಿರಿಮೆಯಂಥ ಭಾವನಾಮ. ಎರಡು ವ್ಯಾಕರಣಗಳನ್ನು ಸುಮ್ನೆ ಜೋಡಿಸಿದರೆ ಮಕ್ಕಳು ಎರಡರಲ್ಲೂ ಎಡವುತ್ತಾರೆ.

ನಮ್ಮ ಮಕ್ಕಳು ಜಾಸ್ತಿ ತಪ್ಪುವುದು ಎಣಿಕೆಯಲ್ಲಿ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು! ಕನ್ನಡದಲ್ಲಿ 'ಮೂರು ಸಲಹೆ ಕೊಟ್ಟರು' ಅಂತೀವಿ, ಅಲ್ವಾ? ಮಗು ಅದನ್ನೇ 'ತ್ರೀ ಅಡ್ವೈಸಸ್' ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್ ಇವನ್ನು ಎಣಿಸುವುದಿಲ್ಲ. 'ತ್ರೀ ಪೀಸಸ್ ಆಫ್ ಅಡ್ವೈಸ್' ಅನ್ನಬೇಕು. ಇದಕ್ಕೆ ಅರ್ಧ ಪುಟ ಕೊಡಿ.

ಐರನ್ ಅನ್ನು ಮೆಟೀರಿಯಲ್ ನೌನ್ ಎಂದು ಹೇಳಿ ಬಿಟ್ಟಿದ್ದೀರಿ. ಕಬ್ಬಿಣಕ್ಕೆ ಸರಿ. 'ಆ್ಯನ್ ಐರನ್' ಎಂದರೆ ಇಸ್ತ್ರಿ ಪೆಟ್ಟಿಗೆ, ಅದು ಕಾಮನ್ ನೌನ್, ಎಣಿಸಬಹುದು. ಪದ ಯಾವ ಬಗೆ ಎನ್ನುವುದು ವಾಕ್ಯ ನೋಡಿದ ಮೇಲೇ ತಿಳಿಯುವುದು. ಹಾಗೇ 'ದ ಪೊಲೀಸ್ ಹ್ಯಾಸ್ ಕಮ್' ಎಂಬ ನಿಮ್ಮ ಉದಾಹರಣೆಯಲ್ಲಿ 'ಹ್ಯಾವ್' ಆಗಬೇಕು, ಇಂಗ್ಲಿಷಿನಲ್ಲಿ ಪೊಲೀಸ್ ಬಹುವಚನ.

ಎಂಟನೇ ತರಗತಿಗೆ ಪಾಠ ಮಾಡುತ್ತೀರಿ ಎಂದು ಬರೆದಿದ್ದೀರಿ. ಆದರೆ ಲೇಖನದಲ್ಲಿ ನಿಮ್ಮ ತರಗತಿಯ ಒಂದು ವಾಕ್ಯವೂ ಇಲ್ಲ. ಮಕ್ಕಳ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು, ಅವರು ನಿಜವಾಗಿ ಮಾಡಿದ ಹತ್ತು ತಪ್ಪುಗಳನ್ನು ಆರಿಸಿ, ಅದರ ಸುತ್ತ ಲೇಖನವನ್ನು ಮತ್ತೆ ಬರೆಯಿರಿ. ಖಂಡಿತ ಓದುತ್ತೇನೆ.