ಸೂತ್ರ ಬರೆಸೋದು ಬಿಡಿ, ಅವರೆಕಾಯಿ ತನ್ನಿ

ಮೇಡಂ, ಮಗಳು ತಪ್ಪು ಮಾಡಿರೋ ಸರಾಸರಿ ಲೆಕ್ಕದ್ದು ಅಂತ ನೀವು ಹಾಕಿರೋ ಫೋಟೊ ನೋಡಿದೆ. ಕೋಷ್ಟಕದಲ್ಲಿ ಕೊಟ್ಟ ಸಂಖ್ಯೆಗಳನ್ನಷ್ಟೇ, ಅಂದರೆ ಪ್ರಾಪ್ತಾಂಕಗಳನ್ನಷ್ಟೇ ಕೂಡಿ ಸಾಲುಗಳ ಸಂಖ್ಯೆಯಿಂದ ಭಾಗಿಸಿದ್ದಾಳೆ, ಯಾವ ಪ್ರಾಪ್ತಾಂಕ ಎಷ್ಟು ಸಲ ಬಂದಿದೆ ಅಂತ ಹೇಳೋ ಆವೃತ್ತಿ ಕಾಲಂ ಮುಟ್ಟೇ ಇಲ್ಲ. ಅದಕ್ಕೆ ಸೂತ್ರವನ್ನು ಇಪ್ಪತ್ತು ಸಲ ಬರೆಸಿದ್ದೀರಿ. ದಯವಿಟ್ಟು ಬೇಡ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಸೂತ್ರ ಬಾಯಿಗೆ ಬಂತು, ಲೆಕ್ಕ ಮತ್ತೆ ತಪ್ಪೇ.

ಕಾಲು ಕೆಜಿ ಅವರೆಕಾಯಿ ತನ್ನಿ. ಸೀಸನ್ ಅಲ್ಲದಿದ್ದರೆ ಹಸಿ ಬಟಾಣಿ ಆಗುತ್ತದೆ, ಆದರೆ ಬಿಡಿಸಿಟ್ಟ ಕಾಳು ಬೇಡ, ಕಾಯಿಯೇ ಬೇಕು. 20 ಕಾಯಿ ಬಿಡಿಸಿ ಒಂದೊಂದರಲ್ಲಿ ಎಷ್ಟು ಕಾಳಿದೆ ಅಂತ ಅವಳೇ ಕೋಷ್ಟಕ ಮಾಡಲಿ. ಒಂದು ಕಾಳಿನ ಕಾಯಿ 1, ಎರಡರದ್ದು 2, ಮೂರರದ್ದು 7, ನಾಲ್ಕರದ್ದು 10 ಅಂತಿಟ್ಟುಕೊಳ್ಳಿ. ಅವಳ ರೀತಿಯಲ್ಲಿ ಮಾಡಿದರೆ 10 ಭಾಗಿಸು 4, ಅಂದರೆ ಎರಡೂವರೆ. ಈಗ ಸುಮ್ನೆ ಕೇಳಿ: 17 ಕಾಯಲ್ಲಿ ಮೂರೋ ನಾಲ್ಕೋ ಕಾಳಿರುವಾಗ ಸರಾಸರಿ ಎರಡೂವರೆ ಹೇಗಾಗುತ್ತೆ? ಅಲ್ಲೇ ತಡವರಿಸುತ್ತಾಳೆ. ಉತ್ತರ ಹೇಳಿಬಿಡಬೇಡಿ, ಅಪ್ಪ ಅಮ್ಮಂದಿರಿಗೆ ಈ ಆತುರ ಜಾಸ್ತಿ. ಕಾಳೆಲ್ಲ ಒಟ್ಟು ಮಾಡಿ ಎಣಿಸಲಿ, 66 ಬರುತ್ತದೆ. ಕಾಯಿ 20. ಹಾಗಾದರೆ 3.3. ಸೂತ್ರದಲ್ಲಿ ಪ್ರಾಪ್ತಾಂಕವನ್ನು ಆವೃತ್ತಿಯಿಂದ ಗುಣಿಸಿ ಕೂಡೋದು ಯಾಕೆ ಅಂತ ಆಮೇಲೆ ಕೇಳಿ ನೋಡಿ, ಅವಳೇ ಹೇಳುತ್ತಾಳೆ. 3.3 ಕಾಳಿರೋ ಕಾಯಿ ಎಲ್ಲಿದೆ ಅಂತಲೂ ಕೇಳಿ, ಒಳ್ಳೆ ಜಗಳ ಆಗುತ್ತದೆ.

ಇನ್ನೊಂದು. ಎ ಸೆಕ್ಷನ್ನಲ್ಲಿ 40 ಮಕ್ಕಳು, ಸರಾಸರಿ 60. ಬಿ ಸೆಕ್ಷನ್ನಲ್ಲಿ 20 ಮಕ್ಕಳು, ಸರಾಸರಿ 30. ಎರಡೂ ಸೇರಿಸಿದರೆ 45 ಅಂದಳೋ, ಕಾಯಿ ಪಾಠ ಇನ್ನೂ ಇಳಿದಿಲ್ಲ ಅಂತ ಲೆಕ್ಕ. ಸರಿ ಉತ್ತರ 50.

ಎಕ್ಸೆಲ್ ಈಗಲೇ ಬೇಡ, ಅದು ಯೋಚನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತದೆ. ಗ್ರಾಫ್ ಬರೆಯೋ ಗಣಿತದ ತಂತ್ರಾಂಶ ಜಿಯೋಜಿಬ್ರಾ ಪುಕ್ಕಟೆ ಸಿಗುತ್ತದೆ, ಚೆನ್ನಾಗಿದೆ, ಆದರೆ ಓಜೀವ್ (ಆವೃತ್ತಿಗಳನ್ನು ಕೂಡುತ್ತಾ ಹೋಗಿ ಎಳೆಯೋ ರೇಖೆ) ಮೊದಲು ಗ್ರಾಫ್ ಹಾಳೆ ಮೇಲೆ ಕೈಯಲ್ಲೇ ಹಾಕಿಸಿ. ರಫ್ ಕೆಲಸಕ್ಕೆ ಎಂಎಸ್‌ಐಎಲ್ ಲೇಖಕ್ ನೋಟ್‌ಬುಕ್ ಧಾರಾಳ ಸಾಕು. ಅಬ್ಯಾಕಸ್ ಕ್ಲಾಸಿಗೆ ಸೇರಿಸಿ ಅಂತ ಮೇಲಿನ ಕಾಮೆಂಟಿನಲ್ಲಿ ಯಾರೋ ಬರೆದಿದ್ದಾರೆ. ಸ್ವಾಮಿ, ಅವಳಿಗೆ ಕೂಡೋಕೆ ಬರುತ್ತದೆ, ಏನನ್ನು ಕೂಡಬೇಕು ಅನ್ನೋದೇ ಗೊತ್ತಿಲ್ಲ!

ಮಧ್ಯಾಂಕಕ್ಕೆ, ಅಂದರೆ ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರೋ ಸಂಖ್ಯೆಗೆ, ಸಂಬಳದ ಲೆಕ್ಕ ಕೊಡಿ. ನಾಲ್ವರಿಗೆ 20 ಸಾವಿರ, ಮಾಲೀಕರಿಗೆ 2 ಲಕ್ಷ 20 ಸಾವಿರ. ಸರಾಸರಿ 60 ಸಾವಿರ, ಆ ಸಂಬಳ ಅಲ್ಲಿ ಒಬ್ಬರಿಗೂ ಇಲ್ಲ. ಮಧ್ಯಾಂಕ 20 ಸಾವಿರ. ಆಮೇಲೆ ಪಾಠದಲ್ಲಿ ಬರೋ 3 ಮಧ್ಯಾಂಕ = ಬಹುಲಕ + 2 ಸರಾಸರಿ ಅನ್ನೋದು ಬರೀ ಅಂದಾಜಿನ ಸಂಬಂಧ (ಬಹುಲಕ ಅಂದರೆ ಅತಿ ಹೆಚ್ಚು ಸಲ ಬರೋ ಸಂಖ್ಯೆ, ಇಲ್ಲಿ 20 ಸಾವಿರ). ಈ ಸಂಬಳಕ್ಕೇ ಹಾಕಿ ನೋಡಿ, ಎಡಕ್ಕೆ 60 ಸಾವಿರ, ಬಲಕ್ಕೆ 1 ಲಕ್ಷ 40 ಸಾವಿರ. ಅದು ತಾಳೆ ಆಗಲಿಲ್ಲ ಅಂತ ಸರಿಯಾದ ಲೆಕ್ಕ ಅಳಿಸಿಸಬೇಡಿ.