ಕಾಡು ಉಳೀಬೇಕಂದ್ರೆ ಜನ ಎದ್ದು ಹೋಗ್ಬೇಕಾ?

ಪ್ರಶ್ನೆ: ಸರ್, ಮಗಳು ಚಿಕ್ಕಮಗಳೂರಲ್ಲಿ ಡಿಗ್ರಿ ಓದ್ತಿದಾಳೆ, ಆದಿವಾಸಿಗಳು ಮತ್ತೆ ಹವಾಮಾನ ನ್ಯಾಯ ಅಂತ ಸೆಮಿನಾರ್ ಕೊಟ್ಟಿದಾರಂತೆ. ಅವರದ್ದೆಲ್ಲ ಬರೀ ನಂಬಿಕೆ ಅಲ್ವಾ? ಕಾಡು ಉಳೀಬೇಕಂದ್ರೆ ಒಳಗಿರೋರು ಹೊರಗೆ ಬರ್ಲೇಬೇಕಲ್ವಾ? ನಮ್ಮೂರ ದೇವರಕಾಡಲ್ಲಿ ಯಾರೂ ಇಲ್ಲ, ಅದಕ್ಕೇ ಉಳಿದಿದೆ.
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ದೇವರಕಾಡು ಜನ ಇಲ್ದೆ ಉಳಿದಿದ್ದಲ್ಲ ಸ್ವಾಮಿ, ಅಲ್ಲಿ ಕೊಡಲಿ ಹಾಕ್ಬಾರ್ದು ಅಂತ ಊರೋರೇ ಕಟ್ಟು ಮಾಡ್ಕೊಂಡು ತಲೆತಲಾಂತರದಿಂದ ಕಾಯ್ಕೊಂಡು ಬಂದಿದ್ದಕ್ಕೆ ಉಳಿದಿದ್ದು. ನಂಬಿಕೆ ಅನ್ನಿ, ಕಾನೂನು ಅನ್ನಿ, ಕೆಲಸ ಮಾಡಿದೆ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳು, ಸೋಲಿಗರನ್ನೇ ನೋಡಿ. ಬೇಸಿಗೆ ಶುರುವಲ್ಲೇ, ತರಗೆಲೆ ಇನ್ನೂ ತೆಳ್ಳಗಿರುವಾಗ, ಸಣ್ಣಗೆ ಬೆಂಕಿ ಕೊಡ್ತಿದ್ರು, ತರಗು ಬೆಂಕಿ ಅಂತಾರೆ, ನೆಲದ ಮೇಲಷ್ಟೇ ಓಡಿ ಆರೋಗುತ್ತೆ. 1970ರ ದಶಕದಲ್ಲಿ ಅಭಯಾರಣ್ಯ ಆಯ್ತು, ಬೆಂಕಿ ಹಾಕಂಗಿಲ್ಲ ಅಂದ್ರು. ಆ ಬೆಂಕಿ ನಿಂತ್ಮೇಲೆ ಲಂಟಾನ ಕಳೆ ಆಳೆತ್ತರ ಬೆಳೀತು, ನೆಲ್ಲಿಮರಕ್ಕೆ ಬಂದಳಿಕೆ (ಮರದ ಮೇಲೇ ಬೆಳೆದು ಅದರ ಸಾರ ಹೀರೋ ಗಿಡ) ಹತ್ತಿತು, ಈಗ ಕಿಡಿ ಬಿದ್ರೆ ಲಂಟಾನ ಹಿಡ್ಕೊಂಡು ಮರದ ನೆತ್ತಿಗೇ ಏರುತ್ತೆ ಅಂತ ಸೋಲಿಗರು ಹೇಳ್ತಾನೇ ಇದ್ರು, ಸಂಶೋಧಕರು ಆಮೇಲೆ ಬಂದು ಬರ್ಕೊಂಡ್ರು. (ಹಾಗಂತ ನೀವು ತೋಟದ ಪಕ್ಕ ಬೆಂಕಿ ಇಟ್ಬಿಡ್ಬೇಡಿ ಮತ್ತೆ!) 2006ರ ಅರಣ್ಯ ಹಕ್ಕು ಕಾಯ್ದೆ ಅಡಿ 2011ರಲ್ಲಿ ಅವರಿಗೆ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ತು, ಅದೂ ಹುಲಿ ಮೀಸಲು ಕಾಡಲ್ಲಿ.

ಇನ್ನು ನ್ಯಾಯದ ಮಾತು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು, ಆದ್ರೆ ಅಲ್ಲೇ ಗುಡ್ಡ ಬಗೆದು ಅದಿರು ತೆಗೆಯೋದು 2005ರ ಕೊನೆವರೆಗೂ ನಡೀತು, ಮಳೆಗಾಲದಲ್ಲಿ ಭದ್ರೆಗೆ ಮಣ್ಣು ಹರೀತು, ಒಂದು ಹೊರೆ ಸೌದೆ ತಂದ ಅಲ್ಲಿನ ಆದಿವಾಸಿಗಳು, ಮಲೆಕುಡಿಯರು ಮಾತ್ರ ಕಾಡು ಹಾಳು ಮಾಡೋರು ಅನ್ನಿಸ್ಕೊಂಡ್ರು. ಹವಾಮಾನದ್ದೂ ಇದೇ ಲೆಕ್ಕ. ಹೊಗೆ ಬಿಟ್ಟೋರು ಒಬ್ರು, 2019ರ ಆಗಸ್ಟ್ ಮಳೇಲಿ ನಿಮ್ಮ ತಾಲೂಕಲ್ಲಿ ಗುಡ್ಡ ಜರಿದು ಮನೆ ಕಳ್ಕೊಂಡೋರು ಇನ್ನೊಬ್ರು.

ಹಾಗಾಗಿ ಒಳಗಿರ್ಬೇಕಾ ಹೊರಗಿರ್ಬೇಕಾ ಅನ್ನೋದಕ್ಕಿಂತ, ಯಾರನ್ನ ಕೇಳಿ ತೀರ್ಮಾನ ಮಾಡ್ತೀರಿ ಅನ್ನೋದು ದೊಡ್ಡದು. ಒಡಿಶಾದ ಆದಿವಾಸಿಗಳ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿ ಬೇಕಾ ಅಂತ ಗ್ರಾಮಸಭೆಗಳನ್ನೇ ಕೇಳಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಹನ್ನೆರಡು ಊರಲ್ಲಿ ಕೇಳಿದ್ರು, ಹನ್ನೆರಡೂ ಬೇಡ ಅಂದ್ವು.

ಮಗಳಿಗೆ ಹೇಳಿ, ಗೂಗಲ್ ಫೋಟೋ ಹಾಕಿ ಪಿಪಿಟಿ ಮಾಡೋ ಮುಂಚೆ ದೇವರಕಾಡಿನ ಹತ್ರ ಇರೋ ಯಾವುದಾದ್ರೂ ಅಜ್ಜಿ ಜೊತೆ ಕೂತು, ಅಲ್ಲಿನ ಒರತೆ ಮೊದ್ಲು ಯಾವ ತಿಂಗಳವರೆಗೆ ಹರೀತಿತ್ತು, ಈಗ ಯಾವಾಗ ಬತ್ತುತ್ತೆ ಅಂತ ಬರ್ಕೊಂಡು ಬರ್ಲಿ.