ಹಳೆಯ ಸರ್ವರ್ ಪವರ್ ಸಪ್ಲೈನ ವೋಲ್ಟೇಜನ್ನು ಬೇಕಾದಂತೆ ಬದಲಾಯಿಸಲು ಸಾಧ್ಯವೇ?

12 ವೋಲ್ಟ್, 750 ವಾಟ್‌ನ ಸರ್ವರ್ ಪವರ್ ಸಪ್ಲೈಯನ್ನು 3ರಿಂದ 15 ವೋಲ್ಟ್‌ವರೆಗೆ ಹೊಂದಿಸಬಲ್ಲ ಬೆಂಚ್ ಸಪ್ಲೈ (ಪ್ರಯೋಗದ ಮೇಜಿನ ಮೇಲೆ ಬಳಸುವ ಪವರ್ ಸಪ್ಲೈ) ಆಗಿ ಮಾಡಬಹುದೇ ಎಂದು ಕೇಳಿದ್ದೀರಿ. ಅಷ್ಟು ವ್ಯಾಪ್ತಿ ಸಿಗುವುದಿಲ್ಲ. ಆದರೆ ಹವ್ಯಾಸಿ ರೇಡಿಯೋಗಳು ಬಯಸುವ 13.8 ವೋಲ್ಟ್‌ವರೆಗೆ ಏರಿಸುವುದು ಹಲವು ಮಾದರಿಗಳಲ್ಲಿ ಸಾಧ್ಯ.

ಇವು ಒಂದೇ ವೋಲ್ಟೇಜಿಗೆಂದು ವಿನ್ಯಾಸಗೊಂಡವು. ತುಂಬ ಇಳಿಸಿದರೆ ಕಡಿಮೆ ವೋಲ್ಟೇಜಿನ ರಕ್ಷಣೆ ಎಚ್ಚೆತ್ತು ಸಪ್ಲೈ ಬಂದ್ ಆಗುತ್ತದೆ. ಏರಿಸುತ್ತ ಹೋದರೆ ಅಧಿಕ ವೋಲ್ಟೇಜಿನ ರಕ್ಷಣೆ ತಡೆಯುತ್ತದೆ. ಅದನ್ನು ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಔಟ್‌ಪುಟ್ ಕೆಪಾಸಿಟರ್‌ಗಳ ಮೇಲೆ ಸಾಮಾನ್ಯವಾಗಿ 16 ವೋಲ್ಟ್ ಎಂದೇ ಬರೆದಿರುತ್ತದೆ, ಅವು ತಾಳಬಲ್ಲದ್ದು ಅಷ್ಟೇ.

ನಿಜವಾದ ಕೆಲಸ ಇರುವುದು ಔಟ್‌ಪುಟ್ ಎಷ್ಟಿದೆ ಎಂದು ಸಪ್ಲೈಗೆ ತಿಳಿಸುವ ಫೀಡ್‌ಬ್ಯಾಕ್ ಡಿವೈಡರ್‌ನಲ್ಲಿ. ಔಟ್‌ಪುಟ್ಟನ್ನು ಎರಡು ರೆಸಿಸ್ಟರ್‌ಗಳು ಭಾಗಿಸಿ, ವೋಲ್ಟೇಜ್ ಹೋಲಿಸಿ ನೋಡುವ ಟಿಎಲ್431 ಅಥವಾ ಅಂಥದೇ ಐಸಿಯ ಒಂದು ಪಿನ್ನಿಗೆ ಕೊಡುತ್ತವೆ. ಆ ಪಿನ್ನಿನಲ್ಲಿ 2.5 ವೋಲ್ಟ್ ಉಳಿಯುವಂತೆ ಸಪ್ಲೈ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಮೇಲಿನದು (ಔಟ್‌ಪುಟ್‌ನಿಂದ ಪಿನ್ನಿಗೆ) 38 ಕಿಲೋ ಓಮ್, ಕೆಳಗಿನದು (ಪಿನ್ನಿನಿಂದ ಮೈನಸ್‌ಗೆ) 10 ಕಿಲೋ ಓಮ್ ಎಂದುಕೊಳ್ಳಿ, ಔಟ್‌ಪುಟ್ 12 ವೋಲ್ಟ್. ಕೆಳಗಿನ ರೆಸಿಸ್ಟರ್‌ಗೆ ಸಮಾಂತರವಾಗಿ 47 ಕಿಲೋ ಓಮ್‌ನ ಸ್ಥಿರ ರೆಸಿಸ್ಟರ್ ಮತ್ತು 100 ಕಿಲೋ ಓಮ್‌ನ ಪೊಟೆನ್ಷಿಯೋಮೀಟರನ್ನು (ತಿರುಗಿಸಿ ಮೌಲ್ಯ ಬದಲಿಸಬಲ್ಲ ರೆಸಿಸ್ಟರ್) ಸರಣಿಯಲ್ಲಿ ಜೋಡಿಸಿದರೆ ಸುಮಾರು 12.65ರಿಂದ 14 ವೋಲ್ಟ್‌ವರೆಗೆ ಹೊಂದಿಸಬಹುದು. ಸ್ಥಿರ ರೆಸಿಸ್ಟರ್ ಇರುವುದರಿಂದ ತಿರುಗುಬಟನ್ ಕೊನೆ ಮುಟ್ಟಿದರೂ 14 ದಾಟುವುದಿಲ್ಲ. ಪೊಟೆನ್ಷಿಯೋಮೀಟರ್ ಹಾಳಾಗಿ ಸಂಪರ್ಕ ತಪ್ಪಿದರೆ ಮತ್ತೆ 12ಕ್ಕೇ ಬರುತ್ತದೆ. ಪೊಟೆನ್ಷಿಯೋಮೀಟರನ್ನೇ ಮೇಲಿನ ರೆಸಿಸ್ಟರ್‌ನ ಸರಣಿಯಲ್ಲಿ ಹಾಕಿದರೆ ಸಂಪರ್ಕ ತಪ್ಪಿದ ಕ್ಷಣ ಐಸಿಗೆ ಔಟ್‌ಪುಟ್ ಸೊನ್ನೆಯಾದಂತೆ ಕಂಡು, ಸಪ್ಲೈ ತನ್ನೆಲ್ಲ ಶಕ್ತಿಯಿಂದ ಮೇಲೆ ನೂಕುತ್ತದೆ. ಅಂತರ್ಜಾಲದ ಎಷ್ಟೋ ಚಿತ್ರಗಳಲ್ಲಿ ಹಾಗೆಯೇ ಜೋಡಿಸಿರುವುದು ಕಂಡು ನನಗೆ ಮೈ ಉರಿಯುತ್ತದೆ.

ನಿಮ್ಮ ಬೋರ್ಡಿನ ಮೌಲ್ಯಗಳು ಬೇರೆ ಇರುತ್ತವೆ; ಅಳೆದು ಲೆಕ್ಕ ಹಾಕಿ. ಡಿಜಿಟಲ್ ನಿಯಂತ್ರಕವಿದ್ದರೆ ಮಿತಿಗಳು ಫರ್ಮ್‌ವೇರ್‌ನಲ್ಲಿ (ಚಿಪ್‌ನೊಳಗಿನ ತಂತ್ರಾಂಶದಲ್ಲಿ) ಇರುತ್ತವೆ, ಈ ದಾರಿ ಕೈಕೊಡಬಹುದು.

ಡಿವೈಡರ್ ಇರುವುದು ಕಡಿಮೆ ವೋಲ್ಟೇಜಿನ ಬದಿಯಲ್ಲಾದರೂ ಅದೇ ಡಬ್ಬಿಯೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಆಸುಪಾಸು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ಲಗ್ ಕಿತ್ತು, ಕಾದು, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ನಂತರವೇ ಕೈ ಹಾಕಿ. ಅಳೆಯುವ ಅಭ್ಯಾಸ ಇಲ್ಲದಿದ್ದರೆ ಡಬ್ಬಿ ತೆರೆಯಲೇಬೇಡಿ. ಇನ್ನೊಂದು ವಿಷಯ: ಔಟ್‌ಪುಟ್‌ನ ಮೈನಸ್ ಹೆಚ್ಚಾಗಿ ಹೊರಕವಚದ ಮೂಲಕ ಅರ್ಥ್‌ಗೆ ಸೇರಿರುತ್ತದೆ. 24 ವೋಲ್ಟ್ ಪಡೆಯಲು ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಅದರಲ್ಲೊಂದು ಶಾರ್ಟ್ ಆಗುತ್ತದೆ.

ನಿಮಗೆ 3, 5, 9 ವೋಲ್ಟ್‌ಗಳೇ ಬೇಕಿದ್ದರೆ ಸಪ್ಲೈ ಬಿಚ್ಚದೆ, ಅದರ 12 ವೋಲ್ಟ್‌ಗೆ ಕರೆಂಟ್ ಮಿತಿಯನ್ನೂ ಹೊಂದಿಸಬಹುದಾದ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮಾಡ್ಯೂಲ್ ಜೋಡಿಸಿ. ನಾನಾಗಿದ್ದರೆ ಅದನ್ನೇ ಮಾಡುತ್ತೇನೆ. 15 ಬೇಕಾದರೆ ಏರಿಸಿ ಇಳಿಸುವ ಎರಡೂ ಕೆಲಸ ಬಲ್ಲ ಬಕ್-ಬೂಸ್ಟ್ ಮಾಡ್ಯೂಲ್ ಬೇಕು. ಎರಡರಲ್ಲಿ ಯಾವುದಾದರೂ ಸರಿ, ನಡುವೆ ತಂತಿಯ ಗಾತ್ರಕ್ಕೆ ತಕ್ಕ ಫ್ಯೂಸ್ ಹಾಕಿ. 60 ಆಂಪಿಯರ್ ಕೊಡಬಲ್ಲ ಸಪ್ಲೈಗೆ ಸಣ್ಣ ತಂತಿಯೊಂದು ಉರಿಯುತ್ತಿದ್ದರೂ ಅದು ಮಾಮೂಲಿ ಲೋಡ್ ಎಂದೇ ಕಾಣುತ್ತದೆ.